ಕೊರಳ ಸುತ್ತ ಒಂದು ಗೆರೆ

ಪರದೆ ಮೇಲಿರೋ ಈ ಚಿತ್ರವನ್ನ ಸ್ವಲ್ಪ ದಿಟ್ಟಿಸಿ ನೋಡಿ. ಕೊರಳ ಸುತ್ತ ಹಾರ ಹಾಕ್ಕೊಂಡ ಹಾಗೆ ಚರ್ಮ ಕಪ್ಪಾಗಿ, ಒರಟಾಗಿ ಸುಲಿದಿದೆ. ಅದರ ಅಂಚು ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಅಂಗಿ ಮುಚ್ಚಿದ ಕಡೆ ಏನೂ ಆಗಿಲ್ಲ. ಬಿಸಿಲು ಬಿದ್ದ ಕಡೆ ಮಾತ್ರ ಹೀಗೆ.

ಇದು ಪೆಲಾಗ್ರ. ನಯಾಸಿನ್, ಅಂದ್ರೆ ಬಿ3 ವಿಟಮಿನ್, ತುಂಬಾ ದಿನ ಸಿಗದೇ ಹೋದಾಗ ಬರೋ ಕಾಯಿಲೆ. ಮೊದಲ ಸಲ ಈ ಚಿತ್ರ ನೋಡಿದಾಗ ನಾನು ಯಾವುದೋ ಚರ್ಮರೋಗ ಅಂದ್ಕೊಂಡಿದ್ದೆ. ಆದ್ರೆ ಇದು ಅಷ್ಟಕ್ಕೇ ನಿಲ್ಲಲ್ಲ. ನಾಲಿಗೆ ಕೆಂಪಗೆ ಊದಿಕೊಳ್ಳುತ್ತೆ, ಭೇದಿ ಶುರುವಾಗುತ್ತೆ, ನಿದ್ದೆ ಕೆಡುತ್ತೆ, ಆಮೇಲೆ ಮರೆವು, ಗೊಂದಲ. ಚಿಕಿತ್ಸೆ ಸಿಗದಿದ್ರೆ ಜೀವಕ್ಕೇ ಅಪಾಯ.

ಒಂದು ವಿಟಮಿನ್ ಇಲ್ಲದಿದ್ರೆ ಇಷ್ಟೆಲ್ಲಾ ಯಾಕೆ? ತಿಂದಿದ್ದನ್ನ ಶಕ್ತಿಯಾಗಿ ಮಾಡೋಕೆ ಪ್ರತಿ ಜೀವಕೋಶಕ್ಕೂ ಎನ್‌ಎಡಿ ಅನ್ನೋ ಅಣು ಬೇಕು. ನಯಾಸಿನ್‌ನಿಂದ ದೇಹ ಅದನ್ನ ತಯಾರಿಸುತ್ತೆ. ಬಿಸಿಲಿಗೆ ಹಾಳಾದ ಡಿಎನ್‌ಎ ರಿಪೇರಿಗೂ ಅದೇ ಬೇಕು. ಇಷ್ಟು ಕೆಲಸಕ್ಕೆ ಬೇಕಾಗಿರೋದಾದ್ರೂ ಎಷ್ಟು? ದೊಡ್ಡವರಿಗೆ ದಿನಕ್ಕೆ 14ರಿಂದ 16 ಮಿಲಿಗ್ರಾಂ!

ಈಗ ನನ್ನನ್ನ ತುಂಬಾ ಕಾಡಿದ ಕಥೆ. 1914ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಹಬ್ಬಿತ್ತು. ಇದು ಅಂಟುರೋಗ ಅಂತ ಬಹಳ ಜನ ನಂಬಿದ್ರು. ತನಿಖೆಗೆ ಹೋದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ವಿಷಯ ಗಮನಿಸಿದ್ರು. ಅಲ್ಲಿರೋ ಮಕ್ಕಳಿಗೆ, ರೋಗಿಗಳಿಗೆ ಕಾಯಿಲೆ ಬರ್ತಿತ್ತು, ದಿನವಿಡೀ ಅವರ ಜೊತೆಗೇ ಇದ್ದ ಸಿಬ್ಬಂದಿಗೆ ಬರ್ತಿರಲಿಲ್ಲ. ಅಂಟೋದೇ ಆಗಿದ್ರೆ ಸಿಬ್ಬಂದಿನ ಬಿಡ್ತಿತ್ತಾ? ವ್ಯತ್ಯಾಸ ತಟ್ಟೆಯಲ್ಲಿತ್ತು. ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ ಕೊಡಿಸಿದ್ರು, ಕಾಯಿಲೆ ಹೋಯ್ತು. ಆದ್ರೂ ಎಷ್ಟೋ ಜನ ನಂಬಲಿಲ್ಲ. ಇದು ಅಂಟಲ್ಲ ಅಂತ ತೋರಿಸೋಕೆ 1916ರಲ್ಲಿ ಗೋಲ್ಡ್‌ಬರ್ಗರ್, ಅವರ ಸಹೋದ್ಯೋಗಿಗಳು ರೋಗಿಗಳ ರಕ್ತ ಚುಚ್ಚಿಸಿಕೊಂಡ್ರು, ಹುಣ್ಣಿನ ಹಕ್ಕಳೆಯನ್ನ ನುಂಗಿದ್ರು. ಅವರ ಹೆಂಡತಿ ಮೇರಿ ಕೂಡ ರಕ್ತ ಚುಚ್ಚಿಸಿಕೊಂಡ್ರು. ಯಾರಿಗೂ ಪೆಲಾಗ್ರ ಬರಲಿಲ್ಲ. ಬೇಕಾಗಿದ್ದ ವಸ್ತು ನಯಾಸಿನ್ ಅಂತ 1937ರಲ್ಲಿ ಗೊತ್ತಾಗೋ ಹೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷ ಆಗಿತ್ತು. ಇದನ್ನ ಓದಿದಾಗ ನಂಗೆ ನಿಜಕ್ಕೂ ಸಂಕಟ ಆಯ್ತು.

ಆ ದಕ್ಷಿಣ ರಾಜ್ಯಗಳ ಬಡವರು ಹೆಚ್ಚಾಗಿ ತಿಂತಿದ್ದದ್ದು ಮೆಕ್ಕೆಜೋಳ. ಅದರಲ್ಲಿ ನಯಾಸಿನ್ ಇಲ್ಲ ಅಂತಲ್ಲ, ಇದೆ. ಆದ್ರೆ ನಮ್ಮ ಕರುಳಿಗೆ ಬಿಡಿಸಿಕೊಳ್ಳೋಕೆ ಆಗದಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತೆ. ಮೆಕ್ಸಿಕೋದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸ್ತಿದ್ರು. ಸುಣ್ಣ ಆ ಬಿಗಿ ಬಿಡಿಸುತ್ತೆ. ಯೂರೋಪಿನವರು ಕಾಳು ತಗೊಂಡು ಹೋದ್ರು, ಸುಣ್ಣದ ಪಾಠ ಕಲಿಯಲಿಲ್ಲ.

ಈಗಲೂ ವಿಪರೀತ ಕುಡಿಯೋರಲ್ಲಿ, ಕರುಳಿನ ತೊಂದರೆ ಇರೋರಲ್ಲಿ, ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ತಗೊಳ್ಳೋ ಕೆಲವರಲ್ಲಿ ಪೆಲಾಗ್ರ ಕಾಣಿಸುತ್ತೆ. ಹಾಗಂತ ನೀವೇ ದೊಡ್ಡ ಡೋಸ್ ನಯಾಸಿನ್ ನುಂಗಬೇಡಿ, ಲಿವರ್‌ಗೆ ಪೆಟ್ಟಾಗಬಹುದು. ಎರಡೂ ಕೈಗಳಲ್ಲಿ ಒಂದೇ ಥರ, ಬಿಸಿಲು ಬಿದ್ದ ಕಡೆ ಮಾತ್ರ ಚರ್ಮ ಕಪ್ಪಾಗಿ ಸುಲೀತಿದ್ರೆ ಡಾಕ್ಟರ್‌ಗೆ ತೋರಿಸಿ. ಏನು ಊಟ ಮಾಡ್ತೀರಿ, ಯಾವ ಮಾತ್ರೆ ತಗೊಳ್ತೀರಿ, ಅದನ್ನೂ ತಪ್ಪದೇ ಹೇಳಿ.