ಆಪರೇಷನ್‌ಗೆ ಮುಂಚೆ ಎದೆಯ ಎಕ್ಸ್-ರೇ ಬೇಕೇ?

ಕೇಳುಗರಿಗೆ ನಮಸ್ಕಾರ.

ಹರ್ನಿಯಾಕ್ಕೋ ಕಣ್ಣಿನ ಪೊರೆಗೋ ಆಪರೇಷನ್ ಎಂದು ದಿನ ಗೊತ್ತಾಗಿದೆ. ಕೈಗೆ ಬಂದ ಚೀಟಿಯಲ್ಲಿ ರಕ್ತ, ಮೂತ್ರ, ಇಸಿಜಿ, ಜೊತೆಗೆ ಎದೆಯ ಎಕ್ಸ್-ರೇ. ಕೆಮ್ಮಿಲ್ಲ, ದಮ್ಮಿಲ್ಲ, ಇದು ಯಾಕೆ ಎಂದು ಕೇಳಿದರೆ "ಎಲ್ಲರಿಗೂ ಮಾಡಿಸುತ್ತೇವೆ" ಎನ್ನುತ್ತಾರೆ. ಕ್ಷಯರೋಗ ಎಲ್ಲೆಲ್ಲೂ ಅಡಗಿದ್ದ ಕಾಲಕ್ಕೆ ಆ ಮಾತಿಗೆ ತೂಕವಿತ್ತು.

1993ರಲ್ಲಿ ಕೆನಡಾದ ಸಂಶೋಧಕರು 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ರೂಢಿಗಾಗಿ ತೆಗೆದ ಎಕ್ಸ್-ರೇಗಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ಏನಾದರೊಂದು ಏರುಪೇರು ಕಂಡಿತ್ತು. ಕಡಿಮೆಯೇನಲ್ಲ, ಅಲ್ಲವೇ? ಆದರೆ ಹೆಚ್ಚಿನವು ರೋಗಿಯನ್ನು ಮಾತಾಡಿಸಿ, ಮುಟ್ಟಿ ನೋಡಿದಾಗಲೇ ಊಹಿಸಬಹುದಾಗಿದ್ದವು. ಯಾರೂ ಎಣಿಸಿರದಂಥವು ಕಂಡದ್ದು ತೆಗೆದ ಒಟ್ಟು ಎಕ್ಸ್-ರೇಗಳಲ್ಲಿ ನೂರಕ್ಕೆ 1.3ರಲ್ಲಿ ಮಾತ್ರ. ಅದರಿಂದ ಚಿಕಿತ್ಸೆಯೇ ಬದಲಾದದ್ದು ಸಾವಿರಕ್ಕೆ ಒಬ್ಬರಿಗೆ.

ವಿಕಿರಣದ ಭಯ ಇಲ್ಲಿ ದೊಡ್ಡದಲ್ಲ. ಒಂದು ಎದೆಯ ಎಕ್ಸ್-ರೇಯಿಂದ ಬರುವಷ್ಟು ವಿಕಿರಣ ಕೆಲವೇ ದಿನಗಳಲ್ಲಿ ನೆಲದಿಂದ, ಆಕಾಶದಿಂದ ಹೇಗೂ ನಮ್ಮ ಮೈಗೆ ತಾಕುತ್ತದೆ. ನನ್ನನ್ನು ಕಾಡುವುದು ಬೇರೆ: ಇಲ್ಲದ ರೋಗದ ನೆರಳು. ಮೊಲೆತೊಟ್ಟಿನ ನೆರಳೇ ಶ್ವಾಸಕೋಶದ ಗಂಟಿನಂತೆ ಕಾಣುವುದುಂಟು. ಆಮೇಲೆ ಇನ್ನೊಂದು ಫಿಲ್ಮ್, ಅದೂ ಸಾಲದೆ ಸಿಟಿ ಸ್ಕ್ಯಾನ್, ಆಪರೇಷನ್ ಮುಂದಕ್ಕೆ, ಮನೆಯವರಿಗೆಲ್ಲ ನಿದ್ದೆಯಿಲ್ಲ. ಕೊನೆಗೆ, ಏನೂ ಇಲ್ಲ!

ಇನ್ನೊಂದು ಮಾತು. ಎಕ್ಸ್-ರೇ ಶ್ವಾಸಕೋಶದ ಆಕಾರ ತೋರಿಸುತ್ತದೆ, ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುವುದಿಲ್ಲ. ಉಬ್ಬಸ ಇರುವವರ ಫಿಲ್ಮೂ ಸ್ವಚ್ಛವಾಗಿರಬಹುದು. ಅದಕ್ಕೇ ಅರಿವಳಿಕೆ ವೈದ್ಯರು "ಎರಡು ಮಹಡಿ ನಿಲ್ಲದೆ ಹತ್ತುತ್ತೀರಾ?" ಎಂದು ಕೇಳುವುದು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಜುಗರಕ್ಕೆ "ಹತ್ತುತ್ತೇನೆ" ಎಂದು ಬಿಡಬೇಡಿ.

ಹಾಗೆಂದು ಎಕ್ಸ್-ರೇ ಯಾರಿಗೂ ಬೇಡ ಎಂದಲ್ಲ. ಹೊಸದಾಗಿ ಏದುಸಿರು ಬರುತ್ತಿದ್ದರೆ, ಕಫ ಹೆಚ್ಚಾಗಿದ್ದರೆ, ಹೃದಯದ ಕಾಯಿಲೆ ಉಲ್ಬಣಿಸಿದ್ದರೆ, ಎದೆಯನ್ನೇ ತೆರೆಯುವ ಆಪರೇಷನ್ ಆಗಿದ್ದರೆ ಅದು ಬೇಕಾಗುತ್ತದೆ. ಯಾವ ಪರೀಕ್ಷೆ, ಚಿಕಿತ್ಸೆ ಬೇಕೆಂದು ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಬೇಡವೆನ್ನುವುದು ರೂಢಿಗಾಗಿ ಎಲ್ಲರಿಗೂ ತೆಗೆಸುವುದನ್ನು.

ಚೀಟಿಯಲ್ಲಿ ಬರೆದದ್ದನ್ನು ನೀವಾಗಿಯೇ ಹೊಡೆದುಹಾಕಬೇಡಿ. "ಡಾಕ್ಟ್ರೇ, ಇದರಲ್ಲಿ ನನಗಾಗಿ ಏನನ್ನು ಹುಡುಕುತ್ತಿದ್ದೀರಿ?" ಎಂದು ಕೇಳಿ. ಹಳೆಯ ಫಿಲ್ಮ್ ಇದ್ದರೆ ಜೊತೆಗೆ ಒಯ್ಯಿರಿ. ದಿನ ಗೊತ್ತಾದ ಮೇಲೆ ಜ್ವರ, ಕೆಮ್ಮು ಬಂದರೆ ತಪ್ಪದೆ ತಿಳಿಸಿ. ಮುಂಚೆಯೇ ತೆಗೆಸಿಟ್ಟ ಫಿಲ್ಮಿನಲ್ಲಿ ಅದು ಇರುವುದಿಲ್ಲ.

ನಮಸ್ಕಾರ.