ಒಂದು ‘ಎಸ್’ ಇಲ್ಲದಿರುವಾಗ

ಕೇಳುಗರಿಗೆ ನಮಸ್ಕಾರ.

ಯಾರಾದರೂ ಸೀನಿದರೆ ಇಂಗ್ಲಿಷಿನಲ್ಲಿ ‘ಗಾಡ್ ಬ್ಲೆಸ್ ಯೂ’ ಅನ್ನುತ್ತಾರೆ. ಎಷ್ಟೋ ಸಲ ಕೇಳಿದ್ದೀರಿ. ಈಗ ಇನ್ನೊಂದು ಸಲ, ಸ್ವಲ್ಪ ನಿಧಾನವಾಗಿ ಕೇಳಿ. ಗಾಡ್ ಏಕವಚನ. ಹಿ ಗೋಸ್, ಶಿ ಕಮ್ಸ್ ಅಂತ ಕಲಿತ ಲೆಕ್ಕದಲ್ಲಿ ಇದು ‘ಗಾಡ್ ಬ್ಲೆಸಸ್ ಯೂ’ ಆಗಬೇಕಿತ್ತು, ಅಲ್ವಾ? ಕೊನೆಯ ಆ ‘ಎಸ್’ ಎಲ್ಲಿ ಹೋಯಿತು?

‘ಎಸ್’ ಹಾಕಿದರೆ ಅರ್ಥವೇ ಬೇರೆ. ‘ಗಾಡ್ ಬ್ಲೆಸಸ್ ಯೂ’ ಅಂದರೆ ದೇವರು ನಿಮ್ಮನ್ನು ಹರಸುತ್ತಾನೆ. ಅದು ಸುದ್ದಿ. ‘ಗಾಡ್ ಬ್ಲೆಸ್ ಯೂ’ ಅಂದರೆ ದೇವರು ನಿಮ್ಮನ್ನು ಹರಸಲಿ. ಅದು ಹಾರೈಕೆ. ಬ್ರಿಟನ್ನಿನ ರಾಷ್ಟ್ರಗೀತೆಯೂ ಹೀಗೇ ಶುರುವಾಗುತ್ತದೆ. 2022ರಲ್ಲಿ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡ ಮೇಲೆ ‘ಗಾಡ್ ಸೇವ್ ದ ಕ್ವೀನ್’ ಹೋಗಿ ‘ಗಾಡ್ ಸೇವ್ ದ ಕಿಂಗ್’ ಬಂತು. ರಾಣಿಯ ಜಾಗಕ್ಕೆ ರಾಜ ಬಂದರೂ ‘ಸೇವ್’ ಮಾತ್ರ ‘ಸೇವ್ಸ್’ ಆಗಲಿಲ್ಲ.

ಕ್ರಿಯಾಪದದ ಈ ರೂಪಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ಸಬ್ಜಂಕ್ಟಿವ್ ಮೂಡ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಆದದ್ದನ್ನು ಆಯಿತು ಅಂತ ಹೇಳುವುದು ಒಂದು ಬಗೆ. ಆಗಲಿ ಅಂತ ಬಯಸುವುದು, ಆಗಲೇಬೇಕು ಅಂತ ಹಟ ಹಿಡಿಯುವುದು, ಇಲ್ಲದ್ದನ್ನು ಇದ್ದ ಹಾಗೆ ಊಹಿಸುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಬರುವುದೇ ಸಬ್ಜಂಕ್ಟಿವ್.

ನಾನು ಓದುವ ಕಾಲದಲ್ಲಿ ಒಂದು ಪ್ರಬಂಧದಲ್ಲಿ ‘ದ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ರೆಸ್ಟ್’ ಅಂತ ಬರೆದಿದ್ದೆ. ಎಲ್ಲೋ ಓದಿದ್ದು ಕಿವಿಯಲ್ಲಿ ಉಳಿದುಬಿಟ್ಟಿತ್ತು. ಪುಸ್ತಕ ವಾಪಸ್ ಬಂದಾಗ ‘ರೆಸ್ಟ್’ ಪಕ್ಕದಲ್ಲಿ ಕೆಂಪು ಶಾಯಿಯ ‘ಎಸ್’ ಕೂತಿತ್ತು, ಅರ್ಧ ಅಂಕ ಹೋಗಿತ್ತು. ಯಾಕೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಅಂಥ ಕಡೆಯಲ್ಲೆಲ್ಲ ‘ಎಸ್’ ಸೇರಿಸಿಯೇ ಬರೆದೆ. ಮೊದಲು ಬರೆದದ್ದೇ ಸರಿ ಇತ್ತು ಅಂತ ಗೊತ್ತಾದದ್ದು ಬಹಳ ತಡವಾಗಿ. ಬೇರೆ ಯಾರಿಗೂ ಹಾಗಾಗದಿರಲಿ ಅಂತಲೇ ಇವತ್ತು ಈ ಮಾತು ಎತ್ತಿಕೊಂಡೆ.

ಕನ್ನಡ ಬಲ್ಲವರಿಗೆ ಇದು ಕಷ್ಟ ಆಗಬೇಕಾಗಿಯೇ ಇಲ್ಲ. ‘ಅವನು ಬರುತ್ತಾನೆ’, ‘ಅವನು ಬರಲಿ’. ಈ ಎರಡನ್ನು ಕನ್ನಡ ಮಾತಾಡುವ ಮಗು ಕೂಡ ಕಲಸುವುದಿಲ್ಲ. ಆ ‘ಲಿ’ ನಮ್ಮ ಬಾಯಲ್ಲೇ ಇದೆ. ಇಂಗ್ಲಿಷ್ ವಾಕ್ಯ ಬರೆಯುವಾಗ ಅನುಮಾನ ಬಂದರೆ ಅದನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಲಿ’ ಅಥವಾ ‘ಬೇಕು’ ಬಂತೋ, ಇಂಗ್ಲಿಷಿನಲ್ಲಿ ‘ಎಸ್’ ಬಿಡಿ. ‘ಅವನು ವಿಶ್ರಾಂತಿ ತೆಗೆದುಕೊಳ್ಳಲಿ ಅಂತ ಡಾಕ್ಟರು ಸೂಚಿಸಿದರು.’ ‘ಲಿ’ ಬಂತು. ಹಾಗಾಗಿ ‘ದಟ್ ಹಿ ರೆಸ್ಟ್’. ಸಜೆಸ್ಟ್, ರೆಕಮೆಂಡ್, ಡಿಮ್ಯಾಂಡ್, ಪ್ರಪೋಸ್ ಇಂಥ ಕ್ರಿಯಾಪದಗಳ ಮುಂದೆ, ‘ಇಟ್ ಈಸ್ ಎಸೆನ್ಷಿಯಲ್ ದಟ್’ ಅನ್ನುವಂಥ ಮಾತಿನ ಮುಂದೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ.

ಇನ್ಸಿಸ್ಟ್ ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ನನಗೆ ತುಂಬ ಇಷ್ಟವಾದ ಜೋಡಿ ಇಲ್ಲಿದೆ. ‘ಹಿ ಇನ್ಸಿಸ್ಟೆಡ್ ದಟ್ ಶಿ ವಾಸ್ ದೇರ್.’ ‘ಹಿ ಇನ್ಸಿಸ್ಟೆಡ್ ದಟ್ ಶಿ ಬಿ ದೇರ್.’ ಮೊದಲನೆಯದರಲ್ಲಿ ಅವಳು ಅಲ್ಲಿ ಇದ್ದಳು ಅಂತ ಅವನು ಸಾಧಿಸುತ್ತಿದ್ದಾನೆ. ಸಾಕ್ಷಿ ಹೇಳುವವನ ಮಾತು. ಎರಡನೆಯದರಲ್ಲಿ ಅವಳು ಅಲ್ಲಿ ಇರಲೇಬೇಕು ಅಂತ ಪಟ್ಟು ಹಿಡಿದಿದ್ದಾನೆ. ಅವಳು ಬಂದಳೋ ಇಲ್ಲವೋ, ವಾಕ್ಯ ಹೇಳುವುದೇ ಇಲ್ಲ. ‘ವಾಸ್’ ಇದ್ದ ಜಾಗಕ್ಕೆ ‘ಬಿ’ ಬಂತು, ಕಥೆಯೇ ಬೇರೆಯಾಯಿತು. ಇದು ಸುಮ್ನೆ ವ್ಯಾಕರಣದ ಶಿಸ್ತು ಅನ್ನುವವರಿಗೆ ನಾನು ಈ ಎರಡು ವಾಕ್ಯ ಓದಿ ಹೇಳುತ್ತೇನೆ.

ಕಾಲ ಬದಲಾದರೂ ಈ ರೂಪ ಬದಲಾಗುವುದಿಲ್ಲ, ಗಮನಿಸಿ. ಸಜೆಸ್ಟ್ ಇರಲಿ, ಸಜೆಸ್ಟೆಡ್ ಇರಲಿ, ಮುಂದೆ ‘ಹಿ ರೆಸ್ಟ್’ ತಾನೆ. ಬೇಡ ಅನ್ನಬೇಕಾದರೆ ‘ದಟ್ ಹಿ ನಾಟ್ ಗೋ’ ಅಂದರೆ ಸಾಕು. ‘ಡಸ್’ ಬೇಕಿಲ್ಲ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದಕ್ಕೆಂದೇ ಬೇರೆ ಪ್ರತ್ಯಯಗಳಿದ್ದವು. ಬರಬರುತ್ತ ಪದಗಳ ಕೊನೆ ಸವೆಯಿತು, ಜೊತೆಗೆ ಆ ಪ್ರತ್ಯಯಗಳೂ ಹೋದವು. ಈಗ ಕಣ್ಣಿಗೆ ಬೀಳುವುದು ಇಲ್ಲದ ಒಂದು ‘ಎಸ್’, ಒಂದು ‘ಬಿ’, ಒಂದು ‘ವರ್’, ಅಷ್ಟೇ. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ಹೆಸರಾಂತ ಪುಸ್ತಕ ತಂದ ಹೆನ್ರಿ ಫೌಲರ್, ಕೆಲವು ಬಳಕೆಗಳನ್ನು ಬಿಟ್ಟರೆ ಇದು ಸಾಯುತ್ತಿರುವ ರೂಪ ಅಂತಲೇ ಎಣಿಸಿದ್ದರು. ಆದರೆ ‘ದಟ್ ಹಿ ರೆಸ್ಟ್’ ಬಗೆಯದು ಅಮೆರಿಕದಲ್ಲಿ ಗಟ್ಟಿಯಾಗಿ ನಿಂತಿತು. ಬ್ರಿಟನ್ನಿನವರು ‘ದಟ್ ಹಿ ಶುಡ್ ರೆಸ್ಟ್’ ಅನ್ನುವುದು ಜಾಸ್ತಿ. ಅದೂ ಸರಿಯೇ. ಈಗೀಗ ಅಲ್ಲೂ ‘ಶುಡ್’ ಇಲ್ಲದ ರೂಪ ಮತ್ತೆ ಕೇಳಿಬರುತ್ತಿದೆ.

ಇನ್ನು ‘ವರ್’. ‘ಇಫ್ ಐ ವರ್ ಯೂ.’ ‘ಐ’ ಜೊತೆ ‘ವರ್’ ಹೇಗೆ, ಅದೂ ಈಗಿನ ಮಾತಿಗೆ ಭೂತಕಾಲ ಯಾಕೆ ಅಂತ ಅನೇಕರು ಕೇಳುತ್ತಾರೆ. ಕನ್ನಡದಲ್ಲಿ ನಾವು ಮಾಡುವುದೂ ಅದನ್ನೇ. ‘ದುಡ್ಡು ಇದ್ದರೆ ಕೊಡುತ್ತೇನೆ.’ ಇರಬಹುದು, ನೋಡಬೇಕು. ‘ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ.’ ಇಲ್ಲ, ಕೇಳುವವರಿಗೆ ಆಗಲೇ ಗೊತ್ತಾಯಿತು. ಮಾತು ಈ ಹೊತ್ತಿನದೇ, ಆದರೂ ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಇದು ನಿಜವಲ್ಲ ಅಂತ ತೋರಿಸಲು ಭಾಷೆ ಮಾತನ್ನು ದೂರಕ್ಕೆ ತಳ್ಳುತ್ತದೆ. ಇಂಗ್ಲಿಷಿನ ‘ವರ್’ ಕೂಡ ನಮ್ಮ ‘ಇದ್ದಿದ್ದರೆ’ ಹಾಗೆ. ‘ಐ ವಿಶ್ ಶಿ ವರ್ ಹಿಯರ್’ ಅಂದರೆ ಅವಳು ಇಲ್ಲಿ ಇಲ್ಲ. ಮಾತಿನಲ್ಲಿ ಬಹಳ ಜನ ‘ಇಫ್ ಐ ವಾಸ್ ಯೂ’ ಅನ್ನುತ್ತಾರೆ. ಅಂದುಕೊಳ್ಳಲಿ, ಅರ್ಥ ಕೆಡುವುದಿಲ್ಲ. ಬರೆಯುವಾಗ ನಾನು ‘ವರ್’ ಅನ್ನೇ ಆರಿಸುತ್ತೇನೆ.

ಆದರೆ ‘ವರ್’ ಕಲಿತ ಹುರುಪಿನಲ್ಲಿ ‘ಇಫ್’ ಕಂಡಲ್ಲೆಲ್ಲ ಅದನ್ನೇ ತುರುಕುವವರಿದ್ದಾರೆ. ‘ನಿನ್ನೆ ನಾನು ಒರಟಾಗಿ ನಡೆದುಕೊಂಡಿದ್ದರೆ ಕ್ಷಮಿಸಿ’ ಅಂತ ಒಬ್ಬರಿಗೆ ಬರೆಯಬೇಕು ಅನ್ನಿ. ನಡೆದುಕೊಂಡಿರಬಹುದು ಅಂತ ನಿಮಗೇ ಅನ್ನಿಸಿದೆ, ಅದಕ್ಕೇ ತಾನೆ ಪತ್ರ? ಅಲ್ಲಿ ‘ಇಫ್ ಐ ವರ್ ರೂಡ್’ ಅಂತ ಬರೆದರೆ ಒರಟುತನವನ್ನೇ ಬರೀ ಊಹೆ ಮಾಡಿದ ಹಾಗಾಗುತ್ತದೆ, ಕ್ಷಮೆಯ ಮಾತು ಜಾರಿಹೋಗುತ್ತದೆ. ಅಲ್ಲಿ ಬೇಕಾದದ್ದು ‘ವಾಸ್’. ‘ಇಫ್ ಐ ವಾಸ್ ರೂಡ್ ಯೆಸ್ಟರ್ಡೇ, ಐ ಆಮ್ ಸಾರಿ.’

ನಮಸ್ಕಾರ.