ಕಾರ್ಲ್ ಹೋಗಿ ಕೊರೋಲ್ ಆದದ್ದು

ನಮಸ್ಕಾರ. ರಾಜನಿಗೆ ರಷ್ಯನ್ನರು ಕೊರೋಲ್ ಅನ್ನುತ್ತಾರೆ. ಪೋಲಿಷ್‌ನಲ್ಲಿ ಕ್ರೂಲ್, ಜೆಕ್‌ನಲ್ಲಿ ಕ್ರಾಲ್. ಇವೆಲ್ಲಕ್ಕೂ ಮೂಲ ಪ್ರೋಟೋ-ಸ್ಲಾವಿಕ್‌ನ, ಅಂದರೆ ಸ್ಲಾವರ ಈ ಭಾಷೆಗಳಿಗೆಲ್ಲ ತಾಯಿಯಾದ ಹಳೆಯ ಭಾಷೆಯ, 'ಕೊರ್ಲಿ' ಎಂಬಂಥ ಒಂದು ಪದ. ಪುಸ್ತಕದಲ್ಲಿ ಅದರ ಹಿಂದೆ ಒಂದು ನಕ್ಷತ್ರ ಹಾಕಿರುತ್ತಾರೆ. ಅಂದರೆ, ಇದನ್ನು ಬರೆದಿಟ್ಟವರು ಯಾರೂ ಇಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ ಹಾಗೆ.

ಈ ಕೊರ್ಲಿ ಬಂದದ್ದು ಎಲ್ಲಿಂದ? ಹೆಚ್ಚಿನ ಪಂಡಿತರ ಉತ್ತರ: ಫ್ರಾಂಕರ ದೊರೆ ಕಾರ್ಲ್‌ನಿಂದ. ನಾವು ಶಾಲೆಯಲ್ಲಿ ಓದಿದ ಷಾರ್ಲಮೇನ್ ಇವನೇ. ಒಬ್ಬ ಮನುಷ್ಯನ ಹೆಸರೇ ರಾಜ ಅನ್ನುವ ಪದವಾಗಿಬಿಟ್ಟಿತು! ಒಪ್ಪದವರೂ ಇದ್ದಾರೆ. ಹಳೆಯ ಜರ್ಮನಿಕ್ ಭಾಷೆಗಳಲ್ಲಿ ಕಾರ್ಲ್ ಅಂದರೆ ಗಂಡಾಳು ಅಂತಲೂ ಅರ್ಥವಿದೆ, ಅಲ್ಲಿಂದ ಬಂದಿರಬಹುದು ಅನ್ನುತ್ತಾರೆ. ನನಗೇನೋ ದೊರೆಯ ಕಥೆಯೇ ಸರಿ ಅನಿಸುತ್ತದೆ.

ಆದರೆ ಸ್ಲಾವರು ಗೌರವದಿಂದ ಹೀಗೆ ಕರೆದರು ಅಂತಾರಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. 789ರಲ್ಲಿ ಕಾರ್ಲ್ ಎಲ್ಬೆ ನದಿಗೆ ಎರಡು ಸೇತುವೆ ಕಟ್ಟಿಸಿ, ಆಚೆ ದಡದ ಸ್ಲಾವರ ಮೇಲೆ ದಂಡೆತ್ತಿ ಹೋದ. 805ರಲ್ಲಿ ಬೊಹೆಮಿಯಾದ, ಅಂದರೆ ಈಗಿನ ಜೆಕ್ ನಾಡಿನ, ಮೇಲೆ ಮಗನನ್ನು ಕಳಿಸಿದ. ಆ ಮಗನ ಹೆಸರೂ ಕಾರ್ಲ್! ಅಪ್ಪ ಬಂದರೂ ಕಾರ್ಲ್, ಮಗ ಬಂದರೂ ಕಾರ್ಲ್. ದಂಡು ಕಟ್ಟಿಕೊಂಡು ಬರುವವನಿಗೆಲ್ಲ ಅದೇ ಹೆಸರು ಅಂಟಿಕೊಂಡಿತು ಅಷ್ಟೇ. ಅದರಲ್ಲಿ ಭಯ ಜಾಸ್ತಿ, ಭಕ್ತಿ ಕಡಿಮೆ.

ಈಗ ಇದರ ನಿಜವಾದ ಮಜಾ ನೋಡಿ. ಹಸುವಿಗೆ ರಷ್ಯನ್‌ನಲ್ಲಿ ಕೊರೋವಾ, ಪೋಲಿಷ್‌ನಲ್ಲಿ ಕ್ರೋವಾ, ಜೆಕ್‌ನಲ್ಲಿ ಕ್ರಾವಾ. ರಷ್ಯನ್‌ನಲ್ಲಿ ಶುರುವಿಗೆ 'ಕೊರೋ', ಉಳಿದೆರಡರಲ್ಲಿ ಅದು ಕುಗ್ಗಿ 'ಕ್ರ': ರಾಜನಿಗೆ ಆದದ್ದೇ ಹಸುವಿಗೂ ಆಗಿದೆ, ಅಲ್ವಾ? ಹಸು ಅಲ್ಲಿ ತಲೆತಲಾಂತರದ ಪದ. ಕಾರ್ಲ್ ಸತ್ತದ್ದು 814ರಲ್ಲಿ. ನಿನ್ನೆ ಮೊನ್ನೆ ಬಂದ ಅವನ ಹೆಸರೂ ಹಸುವಿನ ದಾರಿಯನ್ನೇ ಹಿಡಿದಿದೆ ಅಂದರೆ, ಸುಮಾರು ಆ ಹೊತ್ತಿಗೂ ಸ್ಲಾವರ ಮಾತು ಪೂರ್ತಿ ಕವಲೊಡೆದಿರಲಿಲ್ಲ. ಶಾಸನವಿಲ್ಲದ ಕಾಲಕ್ಕೆ ಒಂದು ಪದವೇ ತಾರೀಖು ಹೇಳುತ್ತಿದೆ. ದೊರೆಯ ಕಥೆಗೆ ನಾನು ಇಷ್ಟು ಜೋತುಬಿದ್ದಿರುವುದು ಇದಕ್ಕೇ.

ಉಳಿದ ಪಟ್ಟದ ಹೆಸರುಗಳೂ ಎರವಲೇ ಬಿಡಿ. ತ್ಸಾರ್ ಅಂದರೆ ರೋಮಿನ ಸೀಸರ್. ರಾಜಕುಮಾರ ಅನ್ನುವ ಕ್ನ್ಯಾಜ್ ಜರ್ಮನಿಕ್‌ನಿಂದ ಬಂದದ್ದು. ಕೊರ್ಲಿ ಅಲ್ಲಿಗೇ ನಿಲ್ಲದೆ ಹಂಗೇರಿಯಲ್ಲಿ ಕಿರಾಯ್ ಆಯಿತು, ಲಿಥುವೇನಿಯಾದಲ್ಲಿ ಕರಾಲ್ಯುಸ್ ಆಯಿತು.

ಪೋಲಿಷ್‌ನಲ್ಲಿ ಮೊಲಕ್ಕೆ ಕ್ರೂಲಿಕ್ ಅಂತಾರೆ, ಅಂದರೆ ಪುಟ್ಟ ರಾಜ. ಲ್ಯಾಟಿನ್‌ನಿಂದ ಜರ್ಮನ್‌ಗೆ ಬಂದ ಮೊಲದ ಹೆಸರು, ಕೇಳಿದವರಿಗೆ 'ಚಿಕ್ಕ ರಾಜ' ಅನ್ನೋ ಥರ ಕೇಳಿಸಿತು. ಆ ಅರ್ಥವನ್ನೇ ಪೋಲಿಷ್ ಜನ ತಮ್ಮ ಭಾಷೆಗೆ ತಂದುಕೊಂಡರು. ಷಾರ್ಲಮೇನ್‌ನ ಹೆಸರು ಈಗ ಮೊಲಕ್ಕೂ ಇದೆ.